ಗಂಟೆಗಳು ಕಡಿಮೆಯಾದವು, ದೂರ ಕಡಿಮೆಯಾಯಿತೇ?

ಹುಬ್ಬಳ್ಳಿಯಿಂದ ಬೆಂಗಳೂರು ಎಷ್ಟು ದೂರ? ಹೆದ್ದಾರಿಯ ಲೆಕ್ಕದಲ್ಲಿ ಸುಮಾರು 410 ಕಿಲೋಮೀಟರ್. ರೈಲ್ವೆಯ ಲೆಕ್ಕದಲ್ಲಿ ಸುಮಾರು 470. ದಾವಣಗೆರೆ ದಾಟಿದ ಮೇಲೆ ಹೆದ್ದಾರಿಯು ಚಿತ್ರದುರ್ಗ, ಶಿರಾಗಳ ಮೂಲಕ ತುಮಕೂರು ಸೇರಿದರೆ, ರೈಲು ಬೀರೂರು, ಅರಸೀಕೆರೆಗಳನ್ನು ಬಳಸಿಕೊಂಡು ಅದೇ ಊರಿಗೆ ಬರುತ್ತದೆ. ಈ ಬಳಸುದಾರಿಯನ್ನು ತಪ್ಪಿಸಬೇಕಾದ ದಾವಣಗೆರೆ–ಚಿತ್ರದುರ್ಗ–ತುಮಕೂರು ರೈಲು ಮಾರ್ಗಕ್ಕೆ ಮಂಜೂರಾತಿ ದೊರೆತು ದಶಕವೇ ಕಳೆದಿದೆ.

ಆದರೆ ಈ ಭಾಗದ ಜನ ಬೆಂಗಳೂರನ್ನು ಎಂದೂ ಕಿಲೋಮೀಟರುಗಳಲ್ಲಿ ಅಳೆದವರಲ್ಲ. ಅವರಿಗೆ ಅದು 'ಒಂದು ರಾತ್ರಿಯ ದಾರಿ'. ಸಂಜೆಯ ನಂತರ ಬಸ್ಸನ್ನೋ ರೈಲನ್ನೋ ಹತ್ತಿ, ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು, ಕಚೇರಿಯ ಬಾಗಿಲು ತೆರೆಯುವವರೆಗೆ ಕಾದು, ಕೆಲಸವಾದರೂ ಆಗದಿದ್ದರೂ ಮರಳಿ ರಾತ್ರಿಯ ಗಾಡಿ ಹಿಡಿಯಬೇಕು. ಒಂದು ಸಹಿಗೆ ಎರಡು ರಾತ್ರಿ, ಒಂದು ಹಗಲು.

2023ರ ಜೂನ್‌ನಲ್ಲಿ ಆರಂಭವಾದ ಧಾರವಾಡ–ಬೆಂಗಳೂರು ವಂದೇ ಭಾರತ್ ರೈಲು ಈ ಪಯಣವನ್ನು ಸುಮಾರು ಆರೂವರೆ ಗಂಟೆಗೆ ಇಳಿಸಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಅದರ ವೇಳಾಪಟ್ಟಿಯನ್ನು ಗಮನಿಸಿ. ಅದು ಬೆಳಗ್ಗೆ ಹೊರಡುವುದು ಬೆಂಗಳೂರಿನಿಂದ. ಮಧ್ಯಾಹ್ನ ಧಾರವಾಡವನ್ನು ಬಿಟ್ಟು ಮತ್ತೆ ರಾಜಧಾನಿ ಸೇರುವಾಗ ಕಚೇರಿಗಳು ಮುಚ್ಚಿರುತ್ತವೆ. 2025ರ ಆಗಸ್ಟ್‌ನಲ್ಲಿ ಬೆಳಗಾವಿಯಿಂದ ಬೆಳಗ್ಗೆ ಹೊರಡುವ ಮತ್ತೊಂದು ವಂದೇ ಭಾರತ್ ಬಂದಿತು. ಆರಂಭದ ವೇಳಾಪಟ್ಟಿಯಂತೆ, ಅದು ಮಧ್ಯಾಹ್ನ ಬೆಂಗಳೂರು ಮುಟ್ಟಿ, ಅರ್ಧ ಗಂಟೆಯಲ್ಲೇ ಹಿಂದಿರುಗುತ್ತದೆ. ಅದರಲ್ಲಿ ಹೋದವನು ಕೆಲಸ ಮುಗಿಸಿಕೊಂಡು ಅದರಲ್ಲೇ ಮರಳಲಾರ. ಗಂಟೆಗಳು ಉಳಿದರೂ ದಿನ ಉಳಿಯಲಿಲ್ಲ.

ದಿನ ಉಳಿಸಿದ ಬೇರೊಂದು ಉದಾಹರಣೆ ನಮ್ಮ ಕಣ್ಣೆದುರೇ ಇದೆ. 2008ರ ಜುಲೈನಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾಯಿತು. 2013ರ ಆಗಸ್ಟ್‌ನಲ್ಲಿ ಅದು ಕಾಯಂ ಪೀಠವಾಯಿತು. ಅದಕ್ಕೂ ಮೊದಲು ಬೆಳಗಾವಿ, ಬಾಗಲಕೋಟೆ, ಗದಗ, ಹಾವೇರಿಗಳ ಕಕ್ಷಿದಾರರು ಹೈಕೋರ್ಟಿನ ಪ್ರತಿಯೊಂದು ಕೆಲಸಕ್ಕೂ ಬೆಂಗಳೂರಿನ ಹಾದಿ ತುಳಿಯಬೇಕಿತ್ತು. ವಕೀಲರ ಶುಲ್ಕದ ಜೊತೆಗೆ ಪ್ರಯಾಣ, ವಸತಿ, ಕಳೆದುಕೊಂಡ ಕೂಲಿ ಎಲ್ಲವೂ ಸೇರಿ, ಎಷ್ಟೋ ಮಂದಿಗೆ ಮೇಲ್ಮನವಿಯೆಂಬುದೇ ನಿಲುಕದ ಮಾತಾಗಿತ್ತು. ಹುಬ್ಬಳ್ಳಿಯ ಕಕ್ಷಿದಾರನಿಗೆ ಒಂದು ರಾತ್ರಿಯ ದಾರಿ ನೆರೆಯೂರಿನ ದಾರಿಯಷ್ಟಕ್ಕೆ ಇಳಿದದ್ದು ಯಾವ ವೇಗದ ರೈಲಿನಿಂದಲೂ ಅಲ್ಲ, ನ್ಯಾಯಾಲಯವೇ ಇತ್ತ ಬಂದದ್ದರಿಂದ.

2003ರ ಏಪ್ರಿಲ್ 1ರಂದು ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿ ನೆಲೆಗೊಂಡಾಗಲೂ ಆದದ್ದು ಇದೇ. ಎರಡೂ ಸುಲಭವಾಗಿ ದಕ್ಕಿದವಲ್ಲ. ದೀರ್ಘ ಹೋರಾಟದ ಫಲಗಳು. 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾದಾಗ ಮೂಡಿದ್ದೂ ಅಂಥದೇ ನಿರೀಕ್ಷೆ. ಆದರೆ ಚಳಿಗಾಲದ ಅಧಿವೇಶನ ಮುಗಿದೊಡನೆ ಸರ್ಕಾರ ಬೆಂಗಳೂರಿಗೆ ಮರಳುತ್ತದೆ. ಅದರ ಬೆನ್ನಿಗೇ ಅರ್ಜಿದಾರನೂ ಹೊರಡಬೇಕಾಗುತ್ತದೆ.

ಆದ್ದರಿಂದ ನಮ್ಮ ಬೇಡಿಕೆ ಇನ್ನಷ್ಟು ವೇಗದ ರೈಲಿಗೆ ಮಾತ್ರ ಸೀಮಿತವಾಗಬಾರದು. ರೈಲಿನ ವೇಳೆ ಇಲ್ಲಿಯ ಪ್ರಯಾಣಿಕನ ಕೆಲಸಕ್ಕೆ ಒದಗುವಂತಿರಲಿ. ಅದಕ್ಕಿಂತ ಮುಖ್ಯವಾಗಿ, ಸಹಿ ಹಾಕುವ ಅಧಿಕಾರವುಳ್ಳವರು ಸುವರ್ಣ ವಿಧಾನಸೌಧದಲ್ಲಿ ವರ್ಷವಿಡೀ ಲಭ್ಯರಿರಲಿ. ಬೆಂಗಳೂರಿಗೆ ಹೋಗುವುದು ಈ ಭಾಗದವರ ಇಚ್ಛೆಯಾಗಿರಲಿ, ಅನಿವಾರ್ಯವಾಗದಿರಲಿ.