ಗುರುಗಳಿಗೆ ಅಂಕ: ಎಷ್ಟರಮಟ್ಟಿಗೆ ನಂಬಬಹುದು?

ಪರೀಕ್ಷೆ ಬರೆಯುವವನು ವಿದ್ಯಾರ್ಥಿ, ಅಂಕ ಕೊಡುವವರು ಮೇಷ್ಟರು. ಇದು ನಾವೆಲ್ಲ ಬಲ್ಲ ಪದ್ಧತಿ. ಮೇಷ್ಟರಿಗೇ ವಿದ್ಯಾರ್ಥಿ ಅಂಕ ಕೊಡುವುದಾದರೆ? ಅಮೆರಿಕೆಯಲ್ಲಿ ಇದು ಈಗ ನಿತ್ಯದ ವ್ಯವಹಾರವಾಗಿದೆ.

ಅಲ್ಲಿನ ಕಾಲೇಜುಗಳಲ್ಲಿ ಒಂದೇ ವಿಷಯವನ್ನು ಹಲವು ಪ್ರಾಧ್ಯಾಪಕರು ಬೇರೆ ಬೇರೆ ವೇಳೆಯಲ್ಲಿ ಕಲಿಸುವುದುಂಟು. ಯಾರ ತರಗತಿಗೆ ಸೇರಬೇಕೆಂಬುದನ್ನು ಎಷ್ಟೋ ವೇಳೆ ವಿದ್ಯಾರ್ಥಿಯೇ ಆರಿಸಿಕೊಳ್ಳಬೇಕು. ಆಗ ಅನೇಕರು ತೆರೆದು ನೋಡುವುದು ‘ರೇಟ್ ಮೈ ಪ್ರೊಫೆಸರ್ಸ್’ ಎಂಬ ಜಾಲತಾಣವನ್ನು. 1999ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಬೇರೆ ಹೆಸರಿನಿಂದ ಹುಟ್ಟಿದ ಇದು 2001ರಲ್ಲಿ ಈಗಿನ ಹೆಸರನ್ನು ಪಡೆಯಿತು. ಇಲ್ಲಿ ಅಧ್ಯಾಪಕರ ಗುಣಕ್ಕೆ ಒಂದರಿಂದ ಐದರವರೆಗೆ ಅಂಕ. ಪಾಠದ ಕಾಠಿಣ್ಯಕ್ಕೆ ಬೇರೆ ಅಂಕ. 2018ರವರೆಗೆ ಅವರ ರೂಪವನ್ನು ಮೆಚ್ಚಿದವರು ಒಂದು ಮೆಣಸಿನಕಾಯಿಯ ಗುರುತನ್ನೂ ಹಾಕಬಹುದಾಗಿತ್ತು! ಪಾಠಕ್ಕೂ ಮುಖಕ್ಕೂ ಏನು ಸಂಬಂಧವೆಂದು ಅಧ್ಯಾಪಕರು ಆಕ್ಷೇಪಿಸಿದ ಮೇಲೆ ಆ ಗುರುತನ್ನು ತೆಗೆದುಹಾಕಿದರು.

ನಿಮ್ಮ ಮನೆಯ ಮಗನೋ ಮಗಳೋ ಓದಲು ಅಲ್ಲಿಗೆ ಹೋಗಿದ್ದರೆ, ಈ ಅಂಕಗಳನ್ನು ನೋಡಿಯೇ ತರಗತಿ ಆರಿಸಿರಬಹುದು. ಅವನ್ನು ನಂಬಬಹುದೆ?

ಮೊದಲು ಲೆಕ್ಕವನ್ನೇ ನೋಡೋಣ. ನೂರಿಪ್ಪತ್ತು ಮಂದಿ ಕುಳಿತ ತರಗತಿಯಿಂದ ಆರು ಮಂದಿ ಅಭಿಪ್ರಾಯ ಬರೆದರೆಂದು ಇಟ್ಟುಕೊಳ್ಳಿ. ನಾಲ್ವರು 4 ಕೊಟ್ಟರು, ಇಬ್ಬರು 1 ಕೊಟ್ಟರು. ಸರಾಸರಿ 3 ಬಂತು. ಆದರೆ ಮೂರು ಎಂದವರು ಒಬ್ಬರೂ ಇಲ್ಲ! ಉಳಿದ ನೂರ ಹದಿನಾಲ್ಕು ಮಂದಿಯ ಮನಸ್ಸೂ ತಿಳಿಯಲಿಲ್ಲ. ಬಹಳ ಮೆಚ್ಚಿದವನೂ ಬಹಳ ನೊಂದವನೂ ಬರೆಯಲು ಕೂರುವುದು ಹೆಚ್ಚು. ನಡುವಿನವನು ಸುಮ್ಮನೆ ಮನೆಗೆ ಹೋಗುತ್ತಾನೆ.

ಎಲ್ಲರೂ ಬರೆದರೆ ಸಾಕೆ? ಅದೂ ಸಾಲದು. 1970ರಲ್ಲಿ ಅಮೆರಿಕೆಯಲ್ಲಿ ಒಂದು ತಮಾಷೆಯ ಪ್ರಯೋಗ ನಡೆಯಿತು. ಒಬ್ಬ ನಟನಿಗೆ ‘ಡಾಕ್ಟರ್ ಫಾಕ್ಸ್’ ಎಂದು ಹೆಸರಿಟ್ಟು, ಅವನಿಗೆ ಗೊತ್ತೇ ಇಲ್ಲದ ವಿಷಯದ ಮೇಲೆ ವಿದ್ವಾಂಸರ ಮುಂದೆ ಭಾಷಣ ಮಾಡಿಸಿದರು. ಮಾತಿನಲ್ಲಿ ತಿರುಳಿರಲಿಲ್ಲ, ಹಾಸ್ಯವಿತ್ತು, ಉತ್ಸಾಹವಿತ್ತು. ಕೇಳಿದವರಲ್ಲಿ ಹೆಚ್ಚಿನವರು ಮೆಚ್ಚಿಗೆಯನ್ನೇ ಬರೆದುಕೊಟ್ಟರು.

ಇನ್ನೊಂದು ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಗಣಕಯಂತ್ರದ ಮೂಲಕವೇ ನಡೆದ ಒಂದು ತರಗತಿಯಲ್ಲಿ ಒಬ್ಬ ಗಂಡಸೂ ಒಬ್ಬ ಹೆಂಗಸೂ ಪಾಠ ನಡೆಸಿದರು. ವಿದ್ಯಾರ್ಥಿಗಳು ಅವರ ಮುಖ ನೋಡಲಿಲ್ಲ. ಇಬ್ಬರೂ ಒಂದು ಗುಂಪಿಗೆ ಗಂಡಸಿನ ಹೆಸರಿನಲ್ಲಿ, ಇನ್ನೊಂದಕ್ಕೆ ಹೆಂಗಸಿನ ಹೆಸರಿನಲ್ಲಿ ಕಾಣಿಸಿಕೊಂಡರು. ಎಲ್ಲರ ಬರಹವನ್ನೂ ತಿದ್ದಿ ಒಂದೇ ವೇಳೆಗೆ ಹಿಂತಿರುಗಿಸಿದರು. ಆದರೂ ‘ಸಕಾಲದಲ್ಲಿ ಕೊಟ್ಟರೆ?’ ಎಂಬ ಪ್ರಶ್ನೆಗೆ ಗಂಡಸಿನ ಹೆಸರಿಗೆ 4.35 ಬಂತು, ಹೆಂಗಸಿನ ಹೆಸರಿಗೆ 3.55. ಗುಂಪುಗಳು ಚಿಕ್ಕವು, ನಿಜ. ಆದರೂ ಗಡಿಯಾರ ಒಂದೇ, ಅಂಕ ಎರಡು!

ಇದೆಲ್ಲಕ್ಕಿಂತ ಮುಖ್ಯವಾದುದು ಕೊಲೊರಾಡೊದಲ್ಲಿರುವ ಅಮೆರಿಕದ ವಾಯುಪಡೆಯ ಅಕಾಡೆಮಿಯಲ್ಲಿ ಕಂಡುಬಂದ ಸಂಗತಿ. ಅಲ್ಲಿ ಮೊದಲ ವರ್ಷದ ಗಣಿತಕ್ಕೆ ವಿದ್ಯಾರ್ಥಿ ತನ್ನ ಅಧ್ಯಾಪಕರನ್ನು ಆರಿಸುವಂತಿಲ್ಲ. ಚೀಟಿ ಎತ್ತಿದಂತೆ ಹಂಚುತ್ತಾರೆ. ಪಾಠಪಟ್ಟಿ ಒಂದೇ, ಪರೀಕ್ಷೆಯೂ ಒಂದೇ. ಸ್ಕಾಟ್ ಕ್ಯಾರೆಲ್, ಜೇಮ್ಸ್ ವೆಸ್ಟ್ ಎಂಬ ಅರ್ಥಶಾಸ್ತ್ರಜ್ಞರು ಹತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆ ಪರಿಶೀಲಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಕಾಡೆಮಿಯೇ ಸಂಗ್ರಹಿಸಿದ ಅಭಿಪ್ರಾಯಗಳಲ್ಲಿ ಮೇಲಿನ ಅಂಕ ಪಡೆದ ಅಧ್ಯಾಪಕರ ಶಿಷ್ಯರು ಆ ವರ್ಷದ ಪರೀಕ್ಷೆಯನ್ನು ಚೆನ್ನಾಗಿಯೇ ಬರೆದಿದ್ದರು. ಮುಂದಿನ ಗಣಿತಕ್ಕೆ ಹೋದಾಗ ಅವರೇ ಸರಾಸರಿಯಲ್ಲಿ ಹಿಂದೆ ಬಿದ್ದರು. ಹೆಚ್ಚು ಅನುಭವವುಳ್ಳ ಅಧ್ಯಾಪಕರ ಶಿಷ್ಯರು ಆ ವರ್ಷದ ಪರೀಕ್ಷೆಯಲ್ಲಿ ಸರಾಸರಿಯಲ್ಲಿ ಹಿಂದಿದ್ದರು. ಅವರ ಶಿಷ್ಯರು ಮುಂದೆ ಚೆನ್ನಾಗಿ ನಿಂತರು.

ಕಾರಣ ಊಹಿಸುವುದು ಕಷ್ಟವಲ್ಲ. ಪರೀಕ್ಷೆಗೆ ಬೇಕಾದಷ್ಟನ್ನೇ ನುಣುಪಾಗಿ ಹೇಳಿಕೊಟ್ಟರೆ ಅಂದಿಗೆ ಸುಖ. ಬೇರಿನವರೆಗೆ ಅಗೆಸಿದರೆ ಅಂದಿಗೆ ಬೆವರು. ವಿದ್ಯಾರ್ಥಿ ಅಂಕ ಕೊಡುವುದು ಅಂದು. ಕಲಿತದ್ದರ ಬೆಲೆ ತಿಳಿಯುವುದು ಮುಂದೆ.

ಹಾಗೆಂದು ಆ ಬರಹಗಳನ್ನೆಲ್ಲ ತಳ್ಳಿಹಾಕಬೇಕೆ? ಬೇಡ. ಅಂಕಿಯನ್ನು ಬಿಟ್ಟು ಮಾತನ್ನು ಓದಿ. ‘ವಾರಕ್ಕೊಂದು ಮನೆಗೆಲಸ’, ‘ಹಾಜರಿ ಕಡ್ಡಾಯ’, ‘ಕೇಳಿದಾಗ ಬಿಡುವು ಮಾಡಿಕೊಡುತ್ತಾರೆ’—ಇಂತಹವು ಸಂಗತಿಗಳು. ಹತ್ತು ಮಂದಿ, ಬೇರೆ ಬೇರೆ ವರ್ಷಗಳಲ್ಲಿ, ಒಂದೇ ಸಂಗತಿಯನ್ನು ಹೇಳಿದರೆ ಅದಕ್ಕೆ ಬೆಲೆ ಕೊಡಬೇಕು. ‘ಬೇಸರ’, ‘ಅದ್ಭುತ’ ಎಂಬಂತಹವು ಬರೆದವನ ಮನಸ್ಸಿನ ಸುದ್ದಿ.

ಆಮೇಲೆ ಒಂದು ವರ್ಷ ಮುಂದಿರುವ ವಿದ್ಯಾರ್ಥಿಯನ್ನು ಕಂಡು, ‘ಮೇಷ್ಟರು ಹಿಡಿಸಿದರೆ?’ ಎಂದು ಕೇಳುವ ಬದಲು, ‘ಅವರು ಕಲಿಸಿದ್ದು ಈ ವರ್ಷ ಕೈಹಿಡಿಯಿತೆ?’ ಎಂದು ಕೇಳಬೇಕು. ಮೊದಲ ದಿನದ ಪಾಠಕ್ಕೆ ಹೋಗಿ ಕೂರಬೇಕು. ಆರಂಭದ ಕೆಲವು ದಿನ ತರಗತಿ ಬದಲಿಸಿಕೊಳ್ಳಲು ಅಲ್ಲಿನ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಅವಕಾಶವುಂಟು. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎನ್ನುತ್ತದೆ ನಮ್ಮ ಗಾದೆ. ಕಾಣದವರು ಬರೆದ ಅಂಕಿಯನ್ನು ಪರಾಂಬರಿಸದೆ ನಂಬುವುದು ಹೇಗೆ?

ಮಗ ಫೋನಿನಲ್ಲಿ ‘ಈ ಪ್ರೊಫೆಸರಿಗೆ ಬರೀ ಎರಡೂವರೆ ಅಂಕ, ಬೇರೆಯವರ ಹತ್ತಿರ ಹೋಗುತ್ತೇನೆ’ ಎಂದರೆ, ನೀವು ಒಂದೇ ಮಾತು ಕೇಳಿ: ‘ಆ ಅಂಕ ಕೊಟ್ಟವರು ಮುಂದೆ ಏನು ಕಲಿತರಪ್ಪ?’