ಆಫೀಸಿನ ಫೈಲು ಅಡುಗೆಮನೆಗೆ ತಲುಪದಿದ್ದರೆ



ಥಾಣೆಯಿಂದ ಕಲ್ಯಾಣ್‌ವರೆಗೆ ನಮ್ಮ ಕೇಟರಿಂಗ್ ಆಫೀಸುಗಳಲ್ಲಿ ಬಿಲ್ಲಿಗೊಂದು ಹಳೆಯ ವಿಂಡೋಸ್ ಎಕ್ಸ್‌ಪಿ, ಮೆನು ಕಾರ್ಡಿಗೊಂದು ಮ್ಯಾಕ್, ಅಡುಗೆಮನೆಗೊಂದು ಹೊಸ ವಿಂಡೋಸ್ ಇರುವುದುಂಟು. ಮದುವೆಯ ಎಲೆ ಲೆಕ್ಕ 400ರಿಂದ 600ಕ್ಕೆ ಏರಿದ್ದು ಅಡುಗೆಮನೆಯ ಕಂಪ್ಯೂಟರಿನಲ್ಲಿ ಕಾಣದಿದ್ದರೆ ಹೋಗುವುದು ನಮ್ಮ ಹೆಸರೇ.

ಕಂಪ್ಯೂಟರುಗಳು ಫೈಲು ಹಂಚಿಕೊಳ್ಳುವ ಭಾಷೆಗೆ ಎಸ್‌ಎಂಬಿ ಎಂದು ಹೆಸರು. ಎಕ್ಸ್‌ಪಿಗೆ ಗೊತ್ತಿರುವುದು ಅದರ ಮೊದಲ ಆವೃತ್ತಿ ಮಾತ್ರ. 2017ರ ಅಕ್ಟೋಬರ್ ಬಳಿಕ ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ಆ ಆವೃತ್ತಿ ತಾನಾಗಿ ಬರುವುದಿಲ್ಲ. ಆದ್ದರಿಂದ ಒಂದಕ್ಕೊಂದು ಕಾಣಿಸುವುದಿಲ್ಲ.

“ಹಳೆಯದನ್ನೇ ಆನ್ ಮಾಡಿಬಿಡಿ” ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 2017ರ ಜೂನ್‌ನಲ್ಲಿ ನಮ್ಮ ಪಕ್ಕದ ನವಿಮುಂಬಯಿಯ ನಾವಾಶೇವಾ ಬಂದರಿನಲ್ಲಿ ಒಂದು ಟರ್ಮಿನಲ್‌ನ ಕೆಲಸ ಕೆಡಿಸಿದ ನಾಟ್‌ಪೆಟ್ಯಾ ವೈರಸ್ ಹರಡಲು ಬಳಸಿದ ದಾರಿಗಳಲ್ಲಿ ಈ ಹಳೆಯ ಎಸ್‌ಎಂಬಿಯ ದೋಷವೂ ಒಂದು.

ಹೀಗೆ ಮಾಡಿ:

1. ಎಲ್ಲ ಕಂಪ್ಯೂಟರುಗಳೂ ಒಂದೇ ರೂಟರಿನಲ್ಲಿರಲಿ. ವಿಂಡೋಸ್‌ನಲ್ಲಿ ನೆಟ್‌ವರ್ಕ್ ‘ಪ್ರೈವೇಟ್’ ಎಂದಿರಲಿ.

2. ಫೋಲ್ಡರಿಗೆ ಯೂಸರ್ ಹೆಸರು, ಪಾಸ್‌ವರ್ಡ್ ಇರಲಿ. ಕಂಪ್ಯೂಟರ್ ತೆರೆಯುವ ಪಿನ್ ಇಲ್ಲಿ ನಡೆಯದು.

3. ಮ್ಯಾಕ್‌ನಲ್ಲಿ ಫೋಲ್ಡರ್ ಕಾಣದಿದ್ದರೆ ಫೈಂಡರ್‌ನ ‘ಗೋ’ ಮೆನುವಿನ ‘ಕನೆಕ್ಟ್ ಟು ಸರ್ವರ್’ನಲ್ಲಿ ವಿಂಡೋಸ್ ಕಂಪ್ಯೂಟರಿನ ಐಪಿ ನಂಬರ್ ಕೊಡಿ.

4. ಲಿನಕ್ಸ್‌ನಲ್ಲಿ ಫೋಲ್ಡರ್ ಹಂಚುವುದಾದರೆ ಸಾಂಬಾ ತಂತ್ರಾಂಶಕ್ಕೆ ಪ್ರತ್ಯೇಕ ಪಾಸ್‌ವರ್ಡ್ ಹಾಕಬೇಕು.

5. ಎಕ್ಸ್‌ಪಿಯ ನೆಟ್‌ವರ್ಕ್ ವಯರ್ ತೆಗೆದುಬಿಡಿ. ಲೆಕ್ಕಪತ್ರವನ್ನು ಬೇಗನೆ ಹೊಸ ಯಂತ್ರಕ್ಕೆ ಸಾಗಿಸಿ. ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2014ರಲ್ಲೇ ಮುಗಿದಿದೆ.

ಸೀಸನ್ ಶುರುವಾಗುವ ಮುನ್ನ ಒಂದು ಫೈಲು ಕಳುಹಿಸಿ ಪರೀಕ್ಷಿಸಿ. ಎಲೆ ಹಾಕಿದ ಮೇಲೆ ರಿಪೇರಿಗೆ ಸಮಯವಿರುವುದಿಲ್ಲ.