ಹುರುಳಿಯಿಂದಲೂ ಹುರಿಗಟ್ಟುತ್ತದೆ ಮೈ

ಪ್ರೋಟೀನ್ ಪುಡಿಯ ಡಬ್ಬಿ ಕೈಗೆಟುಕದೆ ಮೈಕಟ್ಟಿನ ಆಸೆಯನ್ನೇ ಕೈಬಿಡುವ ಯುವಕರಿದ್ದಾರೆ. ಕೈಬಿಡಬೇಕಾಗಿಲ್ಲ. ಸ್ನಾಯು ಬೆಳೆಯುವುದು ಭಾರ ಎತ್ತುವ ಕಸರತ್ತಿನಿಂದ. ಅದಕ್ಕೆ ಬೇಕಾದ ಸಾಮಗ್ರಿ ಒದಗಿಸುವುದು ಊಟ. ಸಾಮಾನ್ಯ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕೆನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). ಕಸರತ್ತು ಮಾಡುವವರಲ್ಲೂ ಸುಮಾರು 1.6 ಗ್ರಾಂ ದಾಟಿದರೆ ಹೆಚ್ಚಿನ ಲಾಭವಿಲ್ಲವೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆ ಕಂಡುಕೊಂಡಿತು. 60 ಕಿಲೋ ತೂಗುವವರಿಗೆ ಇದು 96 ಗ್ರಾಂ.

ಇಷ್ಟನ್ನು ಬೀದಿಯ ದಿನಸಿ ಅಂಗಡಿಯೇ ಪೂರೈಸಬಲ್ಲದು. 50 ಗ್ರಾಂ ಸೋಯಾ ಚಂಕ್ಸ್‌ನಿಂದ ಸುಮಾರು 25 ಗ್ರಾಂ, 75 ಗ್ರಾಂ ಹುರುಳಿ ಅಥವಾ ಬೇಳೆಯಿಂದ 16, ಹಿಡಿ ಕಡಲೆಬೀಜದಿಂದ 8, ಎರಡು ಮೊಟ್ಟೆಯಿಂದ 12, ಅರ್ಧ ಲೀಟರ್ ಹಾಲು ಮೊಸರಿನಿಂದ 16 ಗ್ರಾಂ ಸಿಗುತ್ತದೆ. ದಿನವಿಡೀ ತಿನ್ನುವ ಮುದ್ದೆ, ಅನ್ನ, ಚಪಾತಿಯಿಂದ ಇನ್ನೊಂದು 20 ಗ್ರಾಂ ಸೇರಿದರೆ ಲೆಕ್ಕ ಭರ್ತಿ.

ಸಸ್ಯಜನ್ಯ ಪ್ರೋಟೀನ್ ಕಳಪೆ ಎಂಬ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳ ಪೈಕಿ ಧಾನ್ಯದಲ್ಲಿ ಲೈಸಿನ್ ಕಡಿಮೆ, ಬೇಳೆಯಲ್ಲಿ ಮೆಥಿಯೋನಿನ್ ಕಡಿಮೆ. ಆದರೆ ಮುದ್ದೆಯ ಜೊತೆ ಹುರುಳಿ ಸಾರು ಉಂಡರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಕಾಳು ತಿಂದರೆ ಹೊಟ್ಟೆಯುಬ್ಬರ ಎನ್ನುವವರು ರಾತ್ರಿ ನೆನೆಸಿ, ಮೊಳಕೆ ಕಟ್ಟಿ, ಚೆನ್ನಾಗಿ ಬೇಯಿಸಿ, ಸ್ವಲ್ಪದಿಂದ ಆರಂಭಿಸಲಿ. ಮೂತ್ರಪಿಂಡದ ಕಾಯಿಲೆಯಿರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಪುಡಿ ಒಂದು ಅನುಕೂಲವಷ್ಟೇ, ಅನಿವಾರ್ಯವಲ್ಲ. ಇರುವ ಹಣವನ್ನು ಮೊದಲು ಕಾಳು, ಮೊಟ್ಟೆ, ಹಾಲಿಗೆ ಖರ್ಚು ಮಾಡುವುದೇ ಜಾಣತನ.